ಪರದೆಯಾಚೆಯವಳ ಒಡೆಯ ಯಾರು?

ಸಂಬಳ ಕೊಡುವವರಿಗೆ ಸಂಬಳ ಪಡೆಯುವವರ ಮೇಲೆ ಎಷ್ಟು ಹಕ್ಕಿದೆ? ಪ್ರಶ್ನೆ ಹಳೆಯದು. ಆದರೆ ಕೆಲಸ ಮಾಡುವವರು ಕಣ್ಣೆದುರಿಗೆ ಇಲ್ಲದಾಗ ಅದರ ಕಾಟವೇ ಬೇರೆ. ನಾನು ಬೆಳ್ಳೂರಿನಲ್ಲಿ ಕೂತು ಹಿತ್ತಾಳೆ, ಕಂಚಿನ ದೀಪ ಮಾರುವವಳು. ನಾಗಮಂಗಲದ ಎರಕದವರು ಮಾಡಿಕೊಟ್ಟ ದೀಪ, ಗಂಟೆ, ಆರತಿ ತಟ್ಟೆಗಳು ನಮ್ಮ ನಡುಮನೆಯಲ್ಲಿ ಪ್ಯಾಕ್ ಆಗಿ ಬೆಳ್ಳೂರು ಕ್ರಾಸಿನಿಂದ ಊರೂರಿಗೆ ಹೋಗುತ್ತವೆ. ವಾಟ್ಸಾಪಿನಲ್ಲಿ ಬೆಲೆ ಕೇಳಿದವರಿಗೆ ಉತ್ತರ ಬರೆಯುವುದು, ಆರ್ಡರನ್ನು ಶೀಟಿಗೆ ಏರಿಸುವುದು, ಜಿಎಸ್‌ಟಿ ಬಿಲ್ಲು ಮಾಡುವುದು, ಕೊರಿಯರಿನವರ ಬೆನ್ನು ಹತ್ತುವುದು, ಇಷ್ಟನ್ನೂ ಅರಸೀಕೆರೆ ಕಡೆಯ ಹೆಣ್ಣುಮಗಳೊಬ್ಬಳು ತನ್ನ ಮನೆಯಿಂದಲೇ ಮಾಡುತ್ತಾಳೆ. ಈಗಿನವರು ಇದಕ್ಕೆ ವರ್ಚುವಲ್ ಅಸಿಸ್ಟೆಂಟ್ ಅನ್ನುತ್ತಾರೆ. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ಪುಟ್ಟ ಮಗುವಿನ ತಾಯಿ. ಬೆಂಗಳೂರಿಗೆ ಹೋಗಿ ದುಡಿಯುವ ದಾರಿ ಅವಳಿಗಿಲ್ಲ.

ಅವಳನ್ನು ಕೆಲಸಕ್ಕೆ ತೆಗೆದುಕೊಂಡಾಗ ವ್ಯಾಪಾರ ಬಲ್ಲ ಬಂಧುವೊಬ್ಬರು ಒಂದು ಸಾಫ್ಟ್‌ವೇರ್ ಹಾಕಿಸು ಅಂದರು. ಅದು ಪ್ರತಿ 10 ನಿಮಿಷಕ್ಕೊಮ್ಮೆ ಅವಳ ಪರದೆಯ ಚಿತ್ರ ತೆಗೆದು ನನಗೆ ಕಳಿಸುತ್ತದೆ. ಬೆರಳು ಕೀಲಿಮಣೆಯ ಮೇಲೆ ಎಷ್ಟು ಓಡಿತು, ಎಲ್ಲಿ ನಿಂತಿತು ಎಂಬ ಲೆಕ್ಕವನ್ನೂ ಕೊಡುತ್ತದೆ. "ಕಾಣದ ಕೆಲಸದವರನ್ನ ಹೆಂಗಮ್ಮಾ ನಂಬ್ತೀಯಾ?" ಅಂದರು. ನಾನು ಹಾಕಿಸಲಿಲ್ಲ. ಯಾಕೆ ಹಾಕಿಸಲಿಲ್ಲ ಅನ್ನುವುದನ್ನು ಬರೆಯಬೇಕು. ಅದು ಬರೀ ಒಳ್ಳೆಯತನದ ಮಾತಲ್ಲ, ದೇವರ ವಿಷಯದ ಮಾತು.

ನಮ್ಮದು ಶ್ರೀವೈಷ್ಣವರ ಮನೆ. ಆದಿಮಾಧವರಾಯನ ಗುಡಿಯ ಗಂಟೆ ಕೇಳುವಷ್ಟು ಹತ್ತಿರ. ರಾಮಾನುಜಾಚಾರ್ಯರು ವರುಷಗಟ್ಟಲೆ ನೆಲೆಸಿದ್ದ ಮೇಲುಕೋಟೆ ನಮಗೆ ಪರಸ್ಥಳವಲ್ಲ, ಪಕ್ಕದ ಪಾಂಡವಪುರ ತಾಲ್ಲೂಕಿನದು. ಅವರು ಶ್ರೀಭಾಷ್ಯದಲ್ಲಿ ಶರೀರ ಅಂದರೆ ಏನು ಎಂಬುದಕ್ಕೆ ಲಕ್ಷಣ ಹೇಳಿದ್ದಾರೆ. ಕೈಕಾಲು, ರಕ್ತಮಾಂಸದ ಮಾತು ಅದರಲ್ಲಿಲ್ಲ. ಯಾವುದನ್ನು ಒಂದು ಚೇತನ ತನ್ನ ಉದ್ದೇಶಕ್ಕಾಗಿ ಹೊತ್ತು ನಿಲ್ಲಿಸುತ್ತದೋ, ಪೂರ್ತಿ ತನ್ನ ಹಿಡಿತದಲ್ಲಿ ನಡೆಸುತ್ತದೋ, ಯಾವುದು ಆ ಚೇತನಕ್ಕಾಗಿ ಇರುವುದೇ ತನ್ನ ಸ್ವರೂಪ ಎಂಬಂತಿದೆಯೋ ಅದು ಆ ಚೇತನದ ಶರೀರ. ಹೊತ್ತವನು ಆಧಾರ, ನಡೆಸುವವನು ನಿಯಂತಾ, ಯಾರಿಗಾಗಿ ಇದೆಯೋ ಅವನು ಶೇಷಿ. ಜೀವರೆಲ್ಲರೂ, ಜಗತ್ತೆಲ್ಲವೂ ಈ ಅರ್ಥದಲ್ಲಿ ನಾರಾಯಣನ ಶರೀರ. ಶೇಷಿ ಅವನೊಬ್ಬನೇ. ಉಳಿದವರೆಲ್ಲ ಶೇಷರು, ರಾಜನಾದರೂ ಸರಿ, ಕಸ ಗುಡಿಸುವವನಾದರೂ ಸರಿ.

ಈಗ ಸಂಬಳ ಕೊಡುವವರ ಬಾಯಲ್ಲಿ ಬರುವ ಮಾತು ಕೇಳಿ. "ನಾನು ಕೊಡೋದರಿಂದ ಅವಳ ಸಂಸಾರ ನಡೀತಿದೆ." "ನಾನು ಹೇಳಿದಂಗೆ ಕೇಳಬೇಕು." "ಅವಳಿರೋದೇ ನನ್ನ ಕೆಲಸಕ್ಕೆ." ಆಧಾರ, ನಿಯಂತಾ, ಶೇಷಿ, ಮೂರು ಸ್ಥಾನಗಳನ್ನೂ ಒಂದೇ ಉಸಿರಿನಲ್ಲಿ ಕಿತ್ತುಕೊಂಡಂತಾಯಿತು. ಇನ್ನೊಬ್ಬರನ್ನು ನನಗೆ ಸಿಕ್ಕ ಇನ್ನೆರಡು ಕೈ ಎಂದು ಎಣಿಸುವವರು, ರಾಮಾನುಜರ ಲೆಕ್ಕದಲ್ಲಿ, ಬೇರೆ ಯಾರದ್ದೋ ಶರೀರವನ್ನು ತಮ್ಮದೆಂದು ಬರೆಸಿಕೊಳ್ಳುತ್ತಿದ್ದಾರೆ. ಇದನ್ನು ನಾನು ಕಳವು ಅನ್ನುತ್ತೇನೆ.

ನಿಯಂತಾ ಅನ್ನುವ ಸ್ಥಾನದ ಆಸೆಯೇ ಎಲ್ಲಕ್ಕಿಂತ ಅಪಾಯದ್ದು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಉದ್ದಾಲಕನಿಗೆ ಅಂತರ್ಯಾಮಿಯನ್ನು ವಿವರಿಸುತ್ತಾನೆ: ಭೂಮಿಯೊಳಗೆ, ನೀರಿನೊಳಗೆ, ಕಣ್ಣಿನೊಳಗೆ ಇದ್ದುಕೊಂಡೇ ನಡೆಸುವವನು, ಆದರೆ ಅವುಗಳಿಗೆ ತಿಳಿಯದವನು. ರಾಮಾನುಜರ ಸಿದ್ಧಾಂತಕ್ಕೆ ಈ ಭಾಗವೇ ಜೀವಾಳ. ಒಳಗಿದ್ದು ನೋಡುವವನಿಗೆ ನೋವೂ ಕಾಣುತ್ತದೆ. 10 ನಿಮಿಷಕ್ಕೊಂದು ಚಿತ್ರಕ್ಕೆ ಏನು ಕಂಡೀತು? ಬೆರಳು ನಿಂತದ್ದು ಕಾಣುತ್ತದೆ. ಮಗು ಎದ್ದು ಅತ್ತದ್ದು, ಕರೆಂಟು ಹೋಗಿ ಫೋನಿನಲ್ಲೇ ಗಿರಾಕಿಗೆ ಉತ್ತರ ಬರೆದದ್ದು, ದೀಪದ ಅಳತೆ ಸರಿಯೇ ಎಂದು ಒಂದು ಗಳಿಗೆ ಯೋಚಿಸಿದ್ದು ಕಾಣುವುದಿಲ್ಲ. ಅಂತರ್ಯಾಮಿಯ ಅಧಿಕಾರ ಬೇಕು, ಅವನ ಕರುಣೆಯ ಹೊರೆ ಬೇಡ ಅನ್ನುವ ಯಂತ್ರ ಅದು.

ಹಾಗಾದರೆ ಕೆಲಸ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ತಿಳಿಯುವುದೇನೂ ಕಷ್ಟವಿಲ್ಲ. ಸಂಜೆಗೆ ಉತ್ತರ ಹೋಗದ ಮೆಸೇಜು ಎಷ್ಟು, ಬಿಲ್ಲಾಗದ ಆರ್ಡರು ಎಷ್ಟು ಎಂದು ಶೀಟೇ ಹೇಳುತ್ತದೆ. ವಾಟ್ಸಾಪ್ ಬಿಸಿನೆಸ್ಸಿಗೆ ನನ್ನ ಫೋನಲ್ಲದೆ ಬೇರೆ 4 ಸಾಧನ ಜೋಡಿಸಬಹುದು, ಅದರಲ್ಲೊಂದು ಅವಳದ್ದು. ನನ್ನ ಪಾಸ್‌ವರ್ಡ್ ಕೊಡದೆ ಅವಳ ಹೆಸರಿನಲ್ಲೇ ಬೇರೆ ಲಾಗಿನ್ ಮಾಡಿಕೊಟ್ಟಿದ್ದೇನೆ. ಬ್ಯಾಂಕಿನ ಓಟಿಪಿ ನನ್ನ ಫೋನಿಗೇ ಬರುತ್ತದೆ. ಇದು ಅವಳ ಮೇಲಿನ ಅನುಮಾನದಿಂದ ಮಾಡಿದ್ದಲ್ಲ, ನಾಳೆ ದುಡ್ಡಿನಲ್ಲಿ ಹೆಚ್ಚುಕಡಿಮೆಯಾದರೆ ಯಾರೂ ಅವಳತ್ತ ಬೊಟ್ಟು ಮಾಡಬಾರದು ಎಂದು. ಕೆಲಸ ಹೊಂದಲಿಲ್ಲವಾದರೆ ಮಾಡಿದಷ್ಟಕ್ಕೆ ದುಡ್ಡು ಕೊಟ್ಟು ಬಿಡಿಸುವ ಹಕ್ಕು ನನಗಿದೆ. ಅವಳಿಗೂ ಬಿಟ್ಟುಹೋಗುವ ಹಕ್ಕಿದೆ.

ಮೇಲುಕೋಟೆಯ ವೈರಮುಡಿಯನ್ನು ನೆನೆಯುತ್ತೇನೆ. ದೇವರ ಆ ಕಿರೀಟ ಇರುವುದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳು ತೆಗೆದುಕೊಡುತ್ತಾರೆ, ಪೊಲೀಸ್ ಕಾವಲಿನಲ್ಲಿ ಊರೂರಿನ ಪೂಜೆ ಪಡೆದು ಬೆಟ್ಟ ಏರುತ್ತದೆ, ಅರ್ಚಕರು ಚೆಲುವನಾರಾಯಣನ ಮುಡಿಗೇರಿಸುತ್ತಾರೆ. ಇಟ್ಟುಕೊಂಡವರು, ಹೊತ್ತವರು, ತೊಡಿಸಿದವರು, ಯಾರೂ ಅದರ ಒಡೆಯರಲ್ಲ. ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುವುದಂತೂ ಇದ್ದೇ ಇದೆ. ಲೆಕ್ಕ ಕೇಳಬಹುದು, ಒಡೆತನ ಸಾಧಿಸಲಾಗದು.

ಇಲ್ಲೊಂದು ಜಾಣತನದ ಮಾತು ಎದುರಾಗುತ್ತದೆ. ಶೇಷನಿಗೆ ಕೈಂಕರ್ಯವೇ ಆನಂದವಲ್ಲವೆ, ಫಲ ಬಯಸದೆ ಕೆಲಸ ಮಾಡು ಎಂದು ಗೀತೆಯೂ ಹೇಳುತ್ತದಲ್ಲವೆ, ಅವಳೂ ಹಾಗೇ ಮಾಡಲಿ ಅನ್ನುತ್ತಾರೆ. ಈ ಉಪದೇಶ ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಕೈಂಕರ್ಯ ತಾನಾಗಿ ಒಪ್ಪಿಸುವಂಥದ್ದು, ಇನ್ನೊಬ್ಬರಿಂದ ವಸೂಲಿ ಮಾಡುವಂಥದ್ದಲ್ಲ. ಇಂಥವರು ಶರಣೆ ಲಕ್ಕಮ್ಮನನ್ನೂ ಸಾಕ್ಷಿಗೆ ಕರೆಯುತ್ತಾರೆ. ಕಲ್ಯಾಣದಲ್ಲಿ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ವಾಪಸು ಸುರಿದು ಬಾ ಅಂದಳು ಎಂಬ ಕಥೆ ಎಲ್ಲರಿಗೂ ಗೊತ್ತು. ಲಕ್ಕಮ್ಮ ಕಡಿಮೆ ಮಾಡಿದ್ದು ತನ್ನ ಮನೆಯ ಪಾಲನ್ನು. ಆಳಿನ ಕೂಲಿ ತಗ್ಗಿಸಲು ಅವಳ ಹೆಸರು ಹೇಳುವುದು ಅವಳಿಗೇ ಮಾಡುವ ಅನ್ಯಾಯ.

ಕಾನೂನು ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಪಿಎಫ್ ಕಡ್ಡಾಯವಾಗುವುದು 20 ಜನ ಕೆಲಸಗಾರರಿರುವ ಕಡೆ, ಇಎಸ್ಐ 10 ಜನರಿರುವ ಕಡೆ. ನನ್ನಲ್ಲಿರುವುದು ಒಬ್ಬಳು. ಅವಳ ಕಾಯಿಲೆಯ ದಿನಕ್ಕೆ ದುಡ್ಡು, ಹೊತ್ತು ಮುಳುಗಿದ ಮೇಲೆ ಮೆಸೇಜು ಕಳಿಸದ ನಿಯಮ, ತಿಂಗಳ ಮೊದಲ ದಿನವೇ ಸಂಬಳ, ಇವೆಲ್ಲ ನಾನು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಒಬ್ಬರ ಬದುಕು ಇನ್ನೊಬ್ಬರ ಮನಸ್ಸಿನ ಮೇಲೆ ಇಷ್ಟು ನಿಲ್ಲಬಾರದು. ಸಿದ್ಧಾಂತ ದೊಡ್ಡದಿದ್ದ ಮಾತ್ರಕ್ಕೆ ಆಚರಣೆ ದೊಡ್ಡದಾಗುವುದಿಲ್ಲ ಎಂಬುದಕ್ಕೂ ಮೇಲುಕೋಟೆಯೇ ಸಾಕ್ಷಿ: ರಾಮಾನುಜರು ತಿರುಕುಲದವರೆಂದು ಕರೆದು ಗುಡಿಯೊಳಗೆ ಬಿಟ್ಟುಕೊಂಡ ದಲಿತರಿಗೆ ಆಮೇಲಿನ ಶತಮಾನಗಳಲ್ಲಿ ಬಾಗಿಲು ತೆರೆದಿದ್ದು ವರ್ಷದಲ್ಲಿ ಕೆಲವೇ ದಿನ. ದೀಪಾವಳಿಗೊಂದು ಸಿಹಿ ಡಬ್ಬ ಕಳಿಸಿ ಉಳಿದ ದಿನ ಮರೆಯುವವರು ಅದೇ ಸಾಲಿನವರು. ಆದ್ದರಿಂದ ಒಪ್ಪಿದ್ದನ್ನೆಲ್ಲ ಕಾಗದದ ಮೇಲೆ ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವಳ ಹತ್ತಿರವೇ ಇರಲಿ ಎಂದು ಕಳಿಸಿದ್ದೇನೆ.

ಈಚೆಗೆ ಅದೇ ಬಂಧುಗಳು ಇನ್ನೊಂದು ಸಲಹೆ ತಂದರು. ಮನುಷ್ಯರೇ ಯಾಕೆ, ಈಗ ಕಂಪ್ಯೂಟರೇ ಕನ್ನಡದಲ್ಲಿ ಉತ್ತರ ಬರೆಯುತ್ತದೆ ಎಂದು. ಬರೆಯಲಿ. ನಾನೇ ತಂದು, ನಾನೇ ನಡೆಸಿ, ನನ್ನ ಕೆಲಸಕ್ಕೆಂದೇ ಇಟ್ಟುಕೊಂಡ ಉಪಕರಣವದು. ಅದನ್ನು ನನ್ನ ಇನ್ನೊಂದು ಕೈ ಎಂದರೆ ಯಾರ ಸ್ವತ್ತನ್ನೂ ಕದ್ದಂತಲ್ಲ. ಬೆಲೆ, ಎತ್ತರ, ತೂಕ ಕೇಳುವವರಿಗೆ ಅದೇ ಉತ್ತರ ಕೊಡುವಂತೆ ಮಾಡಿದ್ದೇನೆ. ತೀರಿಕೊಂಡ ಅಮ್ಮನ ನೆನಪಿಗೆ ಗುಡಿಗೆ ದೀಪ ಕೊಡಬೇಕು, ಎಂಥದ್ದು ಕೊಡಲಿ ಎಂದು ಕೇಳುವವರಿಗೆ ಅವಳು ಬರೆಯುತ್ತಾಳೆ. ಅವಳ ಕೆಲಸದ ಗಂಟೆಗಳು ಕಡಿಮೆಯಾಗಿವೆ. ಸಂಬಳ ಮೊದಲಿನಷ್ಟೇ.