ಮಗು ಬಿಚ್ಚಿಟ್ಟ ಮಾತು ಯಾರದು?



ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಒಂಬತ್ತನೆಯ ತರಗತಿಯಲ್ಲಿ ಓದುವ ನಿಮ್ಮ ಮಗಳು ಕೆಲವು ವಾರಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ಯಾರೊಡನೆಯೂ ಬೆರೆಯುತ್ತಿಲ್ಲ. ಸಂಜೆಯ ಜಪಸರದ ಹೊತ್ತಿನಲ್ಲೂ ಮಂಕಾಗಿ ಕುಳಿತಿರುತ್ತಾಳೆ. ಕೇಳಿದರೆ "ಏನೂ ಇಲ್ಲಮ್ಮ" ಎನ್ನುತ್ತಾಳೆ. ಒಂದು ದಿನ ಅವಳು ಶಾಲೆಯ ಆಪ್ತ ಸಲಹೆಗಾರರ ಮುಂದೆ ಕುಳಿತು ಬಹಳ ಹೊತ್ತು ಅತ್ತಳೆಂದು ನಿಮಗೆ ತಿಳಿಯುತ್ತದೆ. ಮರುದಿನವೇ ನೀವು ಹೋಗಿ, "ನನ್ನ ಮಗಳು ಏನು ಹೇಳಿದಳು?" ಎಂದು ಕೇಳುತ್ತೀರಿ. "ಆಕೆ ಒಪ್ಪಿದರೆ ಮಾತ್ರ ಹೇಳುತ್ತೇನೆ" ಎಂಬ ಉತ್ತರ ಬರುತ್ತದೆ. ಹೆತ್ತವರಿಗೆ ತಿಳಿಯದ ಗುಟ್ಟು ಪರರಿಗೇಕೆ ಎಂದು ನಿಮಗೆ ಸಿಟ್ಟು ಬರುವುದಿಲ್ಲವೇ?

ಆ ಸಿಟ್ಟು ಸಹಜ. ಅದರ ಹಿಂದೆ ಪ್ರೀತಿಯಿದೆ, ಭಯವೂ ಇದೆ. ಆದರೆ ಅದು ನ್ಯಾಯವೇ? ಮಗು ನಮ್ಮದಾದರೆ ಅದರ ಮನಸ್ಸಿನೊಳಗಿನ ಪ್ರತಿಯೊಂದು ಮಾತೂ ನಮ್ಮದೇ?

ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಕಥೋಲಿಕರಾದ ನಮಗೆ ಆಗಲೇ ಗೊತ್ತಿದೆ. ನಮ್ಮ ಮಗ ಪಾಪನಿವೇದನೆ ಮಾಡಿ ಹೊರಗೆ ಬಂದಾಗ, ಅವನು ಏನು ಹೇಳಿದನೆಂದು ನಾವು ಗುರುಗಳನ್ನು ಕೇಳುವುದಿಲ್ಲ. ಕೇಳಿದರೂ ಅವರು ಹೇಳುವುದಿಲ್ಲ. ಆ ಮೌನದ ಭರವಸೆಯಿರುವುದರಿಂದಲೇ ಅವನು ಅಲ್ಲಿ ಬಾಯಿ ಬಿಡುತ್ತಾನೆ. ಆಪ್ತ ಸಲಹೆ ಸಂಸ್ಕಾರವಲ್ಲ ನಿಜ. ಆದರೆ ಗುಟ್ಟು ಉಳಿಯುವುದೆಂಬ ನಂಬಿಕೆಯಿಲ್ಲದೆ ನೊಂದ ಮನಸ್ಸು ಅಲ್ಲಿಯೂ ತೆರೆದುಕೊಳ್ಳುವುದಿಲ್ಲ.

ಇವೆರಡರ ನಡುವೆ ದೊಡ್ಡ ವ್ಯತ್ಯಾಸವೂ ಇದೆ. ಪಾಪನಿವೇದನೆಯ ಗುಟ್ಟಿಗೆ ವಿನಾಯಿತಿಯಿಲ್ಲ, ಆಪ್ತ ಸಲಹೆಯ ಗುಟ್ಟಿಗೆ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿ ಇಡಬೇಕೆನ್ನುತ್ತದೆ. ಆದರೆ ಜೀವಕ್ಕೆ ಅಪಾಯವಿದ್ದರೆ ಅದನ್ನು ತಡೆಯಲು ಬೇಕಾದಷ್ಟನ್ನು ತಿಳಿಸಲು ಅದೇ ಕಾಯಿದೆ ಅನುಮತಿ ಕೊಡುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಾದರೆ, 2012ರ ಪೋಕ್ಸೋ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆಯೇ ಬೇರೆ: "ಅವಳು ಏನು ಹೇಳಿದಳು?" ಎಂದಲ್ಲ, "ಅವಳಿಗೆ ಅಪಾಯವೇನಾದರೂ ಇದೆಯೇ? ಮನೆಯಲ್ಲಿ ನಾನು ಏನು ಮಾಡಲಿ?" ಎಂದು.

ಮನೆ ಎಂದಾಗ ಒಂದು ವಿಷಯ ನೆನಪಾಗುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹದಿಹರೆಯದ ಮಕ್ಕಳಿಗಾಗಿ ಜೀವನ ಕೌಶಲ ಶಿಕ್ಷಣವನ್ನು ರೂಪಿಸಿತು. ಕೋಪವನ್ನು ಹತೋಟಿಯಲ್ಲಿಡುವುದು, ಗೆಳೆಯರ ಒತ್ತಾಯಕ್ಕೆ "ಬೇಡ" ಎನ್ನುವುದು, ಕಷ್ಟ ಬಂದಾಗ ದಾರಿ ಹುಡುಕುವುದು, ಇಂಥವನ್ನು ತರಬೇತಿ ಪಡೆದ ಶಿಕ್ಷಕರೇ ಚರ್ಚೆ, ಚಟುವಟಿಕೆಗಳ ಮೂಲಕ ತರಗತಿಯಲ್ಲಿ ಕಲಿಸುತ್ತಾರೆ. ಇದರಿಂದ ಪ್ರಯೋಜನವಾಯಿತೇ ಎಂದು ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ್ ಕುಮಾರ್ ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಈ ಶಿಕ್ಷಣ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಕಲಿತ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತ್ತು. ಕಷ್ಟವನ್ನು ಎದುರಿಸಬಲ್ಲೆನೆಂಬ ಧೈರ್ಯವಿತ್ತು. ಶಿಕ್ಷಕರೊಂದಿಗೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥವೇನಿರಬಹುದು? ನನಗೆ ತೋಚುವುದಿಷ್ಟು: ಶಾಲೆ ಮಗುವಿಗೆ ಮಾತಾಡಲು ಕಲಿಸಬಹುದು, ಕೇಳಿಸಿಕೊಳ್ಳಲು ನಮಗೆ ಕಲಿಸಲಾರದು. ಆ ಪಾಠವನ್ನು ನಾವೇ ಕಲಿಯಬೇಕು. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ", "ಪಕ್ಕದ ಮನೆಯವರನ್ನು ನೋಡು", "ಪ್ರಾರ್ಥನೆ ಮಾಡಿದರೆ ಸರಿಹೋಗುತ್ತದೆ" ಎಂದು ನಾವು ಮಾತು ಮುಗಿಸಿದಲ್ಲಿ ಮಗುವಿನ ಮಾತೂ ನಿಂತುಬಿಡುತ್ತದೆ. ಪ್ರಾರ್ಥನೆ ಬೇಕೇ ಬೇಕು. ಆದರೆ ಕೇಳಿಸಿಕೊಳ್ಳುವ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಅದನ್ನು ನೆಪ ಮಾಡಿಕೊಳ್ಳಬಾರದು. ಜ್ವರ ಬಂದ ಮಗುವನ್ನು ವೈದ್ಯರ ಬಳಿಗೆ ಒಯ್ಯುವುದು ವಿಶ್ವಾಸದ ಕೊರತೆಯಲ್ಲ. ಮನಸ್ಸು ನೊಂದ ಮಗುವಿನ ವಿಷಯದಲ್ಲೂ ಹಾಗೆಯೇ.

ಯಾರನ್ನು ಕೇಳಬೇಕೆಂದು ತೋಚದಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಷ್ಟೇ ಅಲ್ಲ, ದಿಕ್ಕು ತೋಚದ ಹೆತ್ತವರೂ ಕರೆ ಮಾಡಬಹುದು.

ಹನ್ನೆರಡು ವರ್ಷದ ಬಾಲಯೇಸು ಮೂರು ದಿನ ಕಾಣದೆ, ಕೊನೆಗೆ ಮಹಾದೇವಾಲಯದಲ್ಲಿ ಸಿಕ್ಕ ಪ್ರಸಂಗ ನಿಮಗೆ ಗೊತ್ತೇ ಇದೆ. ಮಾತೆ ಮರಿಯಮ್ಮನವರು ತಮಗಾದ ಸಂಕಟವನ್ನು ಮುಚ್ಚಿಡದೆ ಹೇಳಿ, ಹೀಗೇಕೆ ಮಾಡಿದೆ ಎಂದು ಕೇಳಿದರು. ಮಗನು ಕೊಟ್ಟ ಉತ್ತರ ಅವರಿಗಾಗಲಿ ಜೋಸೆಫರಿಗಾಗಲಿ ಅರ್ಥವಾಗಲಿಲ್ಲ. ಆದರೂ ಅವರು ಪಟ್ಟುಹಿಡಿದು ಕೆದಕಲಿಲ್ಲ. ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು, ಮಗನೊಂದಿಗೆ ನಜರೇತಿಗೆ ನಡೆದರು.

ಇಂದು ರಾತ್ರಿ ನಿಮ್ಮ ಮಗಳು "ಏನೂ ಇಲ್ಲಮ್ಮ" ಎಂದರೆ, ಮತ್ತೆ ಮತ್ತೆ ಕೇಳಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ನಾಳೆಯೂ ಕುಳಿತುಕೊಳ್ಳಿ.