ಮೀಟರಿಗೆ ಒಂದು ಸೆಕೆಂಡು

ಹೊಸ್ತಿಲು ಎಡವಿದವರು ಗಮನಿಸಿರಬಹುದು: ಹೆಬ್ಬೆರಳಲ್ಲಿ ಮೊದಲು ಚಳಕ್ಕೆಂದು ಒಂದು ನೋವು, ಅರೆಗಳಿಗೆ ಬಿಟ್ಟು, ಉರಿಯುವ ಇನ್ನೊಂದು. ಪೆಟ್ಟು ಒಂದೇ, ಸುದ್ದಿ ಎರಡು ಸಲ. ಮೊದಲನೆಯದು ತೆಳು ಕವಚದ ನರದಲ್ಲಿ ಓಡಿಬರುತ್ತದೆ. ಎರಡನೆಯದರ ದಾರಿ ಕವಚವೇ ಇಲ್ಲದ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ 'ಸಿ' ಎಳೆಗಳು. ಅಲ್ಲಿನ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರು. ವಿಜಯಪುರ ಜಿಲ್ಲೆಯ ಚಡಚಣದ ಬಟ್ಟೆ ಅಂಗಡಿಗಳ ಮುಂದೆ ಸೀರೆ ನೋಡುತ್ತ ಸಾಗುವವರ ನಡಿಗೆ ಅದು.

"ಮೈಯೆಲ್ಲಾ ನೂಸತದರಿ, ಅಂಗಾಲ ಉರಿತಾವರಿ" ಎಂದು ಹೇಳಿಕೊಳ್ಳುವ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿ ನರಗಳ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ರಿಪೋರ್ಟು ನಾರ್ಮಲ್. ಮನೆಯವರ ಬಾಯಲ್ಲಿ ಅದು ಕೂಡಲೇ 'ಕೆಲಸಗಳ್ಳತನ' ಆಗುತ್ತದೆ. ಆದರೆ ಆ ಪರೀಕ್ಷೆಯ ಯಂತ್ರಕ್ಕೆ ಕೇಳಿಸುವುದು ದಪ್ಪ ನರಗಳ ಮಾತು ಮಾತ್ರ; ಸಣ್ಣ ಎಳೆಗಳು ಸತ್ತರೂ ಅದಕ್ಕೆ ತಿಳಿಯದು. ತಿಳಿಯಬೇಕಾದರೆ ಪಾದದ ಗಂಟಿನ ಮೇಲುಗಡೆ ಮೂರು ಮಿಲಿಮೀಟರಿನ ಚರ್ಮದ ಚೂರು ತೆಗೆದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿ ಎಳೆ ಎಣಿಸಬೇಕು. 2013ರಲ್ಲಿ ಬಾಸ್ಟನ್ನಿನ ಆನ್ ಲೂಯಿಸ್ ಓಕ್ಲಾಂಡರ್ ಮತ್ತು ಸಂಗಡಿಗರು ಹಾಗೆ ಎಣಿಸಿದಾಗ, ಮೈಯೆಲ್ಲಾ ನೋಯುವ ಫೈಬ್ರೋಮಯಾಲ್ಜಿಯಾ ಎಂಬ ಕಾಯಿಲೆಯ 27 ಜನರಲ್ಲಿ ಶೇ. 41ರಷ್ಟು ಮಂದಿಗೆ ಸಣ್ಣ ನರಗಳ ಹಾನಿ ಕಂಡಿತು. ಹೋಲಿಕೆಗೆ ತೆಗೆದುಕೊಂಡ ಆರೋಗ್ಯವಂತರಲ್ಲಿ ಶೇ. 3ರಷ್ಟು.

ಈ ಎಳೆಗಳು ನೋವನ್ನಷ್ಟೇ ಹೊರುವವಲ್ಲ. ಬೆವರು, ಬಿಸಿ, ತುರಿಕೆಯೂ ಇವುಗಳದೇ ಕೆಲಸ. ಮಗುವಿನ ಬೆನ್ನ ಮೇಲೆ ತಾಯಿ ಮೆಲ್ಲಗೆ ಕೈಯಾಡಿಸಿದ ಹಿತವನ್ನು ಒಯ್ಯುವುದೂ ಇದೇ ಜಾತಿಯ ಎಳೆ. ಚಡಚಣದ ಪಕ್ಕದ ಹಲಸಂಗಿಯ ಗೆಳೆಯರು 1931ರಲ್ಲಿ ಅಚ್ಚು ಹಾಕಿಸಿದ, ಹೆಂಗಸರ ಬೀಸುವ ಹಾಡುಗಳ 'ಗರತಿಯ ಹಾಡು' ಓದುವಾಗ ತೋಳಿನ ರೋಮ ನಿಲ್ಲುತ್ತದಲ್ಲ, ಅದನ್ನು ನಿಲ್ಲಿಸುವುದೂ ಕವಚವಿಲ್ಲದ ಸಣ್ಣ ನರವೇ. ಬೀಸಿ ಬೀಸಿ ರಟ್ಟೆ ಸೋತವರ ಹಾಡಿಗೆ ನಮ್ಮ ಮೈ ಉತ್ತರ ಕೊಡುವುದು ಇಂಥ ಎಳೆಗಳಿಂದ!

ಹಾಗಂತ ಫೈಬ್ರೋಮಯಾಲ್ಜಿಯಾದ ಗಂಟು ಬಿಚ್ಚಿತೆನ್ನುವಂತಿಲ್ಲ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಚರ್ಮದಲ್ಲಿ ಎಳೆಗಳು ನೆಟ್ಟಗೇ ಇವೆ. 2021ರಲ್ಲಿ ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಅವು ಒತ್ತಡಕ್ಕೆ, ತಂಪಿಗೆ ಬೆದರತೊಡಗಿದವು. ಚರ್ಮದ ಎಳೆಗಳೂ ತಗ್ಗಿದವು. ಹಾಗಾದರೆ ತಪ್ಪು ರಕ್ತದ್ದು ಅನ್ನೋಣವೇ? ಅದಕ್ಕೂ ಮುಂಚೆ, 2017ರಲ್ಲಿ, ಮಿಶಿಗನ್ನಿನ ಸಂಶೋಧಕರು ಇಲಿಯ ಮಿದುಳಿನ ಒಂದು ಮೂಲೆಯಲ್ಲಿ ಗ್ಲುಟಮೇಟ್ ಎಂಬ ನರರಾಸಾಯನಿಕ ಏರಿಸಿ ಆರು ವಾರ ಕಾದಿದ್ದರು. ಕೈಯಿಟ್ಟದ್ದು ತಲೆಗೆ, ಎಳೆಗಳು ಕಡಿಮೆಯಾದದ್ದು ಹಿಂಗಾಲಿನ ಚರ್ಮದಲ್ಲಿ.