ಸಂಖ್ಯೆಯ ಮೇರೆ, ಆಸೆಯ ಮೇರೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಅದರಲ್ಲಿ ಹೆಸರುಗಳಿವೆ. ಅಪರಿಗ್ರಹವನ್ನು ಬೋಧಿಸುವ ಧರ್ಮಕ್ಕೆ ಇಷ್ಟು ದೊಡ್ಡ ಎಣಿಕೆ ಏಕೆ ಬೇಕಾಯಿತು? ಎಣಿಸುವ ಬುದ್ಧಿಯೇ ಕೂಡಿಡುವ ಬುದ್ಧಿಯಲ್ಲವೆ?

ಆ ಗ್ರಂಥದಲ್ಲಿ ಬರುವ ಒಂದು ಸಂಖ್ಯೆ 12345654321. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವುದೆಂದು ಆಚಾರ್ಯರು ಅದನ್ನು ಬಣ್ಣಿಸುತ್ತಾರೆ. ಇದು 111111ರ ವರ್ಗ. ಹಾಳೆಯ ಮೇಲೆ ಗುಣಿಸಿದರೆ ಆರು ಸಾಲುಗಳು ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ. ನಡುವಣ ಮನೆಯಲ್ಲಿ ಆರು ಒಂದುಗಳು ಸೇರುತ್ತವೆ, ಎರಡೂ ಬದಿಗೆ ಒಂದೊಂದೇ ಕಡಿಮೆಯಾಗುತ್ತವೆ. ಅಂಕಿಗಳ ಮೊತ್ತ 36. ಅದೂ ಆರರ ವರ್ಗವೇ. 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳನ್ನು ಎರಡೆರಡು ಬಾರಿ ಗುಣಿಸಿದರೂ ಇದೇ ದೊರೆಯುತ್ತದೆ.

ಈ ಸೊಬಗಿಗೂ ಒಂದು ಎಲ್ಲೆಯಿದೆ. ಒಂಬತ್ತು ಒಂದುಗಳ ವರ್ಗ 12345678987654321. ಅಲ್ಲಿಯವರೆಗೂ ಕ್ರಮ ಕೆಡದು. ಹತ್ತನೆಯ ಒಂದನ್ನು ಸೇರಿಸಿದೊಡನೆ ನಡುಮನೆ ತುಂಬಿ, ದಶಕವು ಪಕ್ಕದ ಮನೆಗೆ ನುಗ್ಗುತ್ತದೆ. ಆಗ ದೊರೆಯುವುದು 1234567900987654321. ಎಡಬದಿಯ ಎಂಟು ಕಾಣೆಯಾಗಿದೆ. ಸಂಖ್ಯೆ ದೊಡ್ಡದಾಯಿತು, ಸಮತೆ ಹೋಯಿತು.

ಗಣಿತದಿಂದ ನೀತಿಯನ್ನು ಸಾಧಿಸಲಾಗದು; ಇದು ದೃಷ್ಟಾಂತ ಮಾತ್ರ. ಆದರೆ ನಮ್ಮ ಆಗಮಗಳು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿದ್ದರಲ್ಲಿ ಗಟ್ಟಿಯಾದ ವಿಚಾರವೊಂದಿದೆ. ಸಂಖ್ಯಾತಕ್ಕೆ ಎಷ್ಟು ಕೂಡಿಸಿದರೂ ಅನಂತವು ಕಿಂಚಿತ್ತೂ ಸಮೀಪವಾಗದು. ಆಸೆ ಅನಂತ, ಆಸ್ತಿ ಸಂಖ್ಯಾತ. ಆದ್ದರಿಂದ ಗಳಿಕೆಯಿಂದ ಆಸೆಯನ್ನು ತುಂಬಿಸುವೆನೆಂಬುದು ಲೆಕ್ಕದಲ್ಲೇ ತಪ್ಪು.

ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವು ಸಂಖ್ಯೆಯನ್ನು ಬಳಸುವುದು ಇಲ್ಲಿಯೇ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಇವುಗಳ ಪ್ರಮಾಣವನ್ನು ಮೊದಲೇ ನಿಶ್ಚಯಿಸಿ, ಮೀರಿದುದನ್ನು ಅತಿಚಾರವೆಂದು ‘ತತ್ತ್ವಾರ್ಥಸೂತ್ರ’ ಎಣಿಸುತ್ತದೆ. ಎಣಿಸದವನಿಗೆ ತಾನು ಮೇರೆ ಮೀರಿದ್ದು ತಿಳಿಯುವ ಬಗೆಯಾದರೂ ಹೇಗೆ?

ಬೆಲೆಗಳು ಏರುತ್ತಿರುವಾಗ ಅಂಕಿಯನ್ನು ಹಿಗ್ಗಿಸುವುದು ವ್ರತಭಂಗವೆ ಎಂದು ಕೇಳಬಹುದು. ರೂಪಾಯಿಯ ಮೊತ್ತ ಬದಲಾಗಬಹುದು. ಎಕರೆಯಾಗಲಿ ತೊಲೆಯಾಗಲಿ ಬದಲಾಗುವುದಿಲ್ಲ. ಯಡೂರಿನ ಕೃಷ್ಣಾತೀರದಲ್ಲಿ ಕಬ್ಬು ಬೆಳೆಯುವ ಗೃಹಸ್ಥನು ಇಷ್ಟು ಎಕರೆ ಸಾಕೆಂದು ನಿಶ್ಚಯಿಸಿದರೆ, ಪೇಟೆಯ ಧಾರಣೆ ಆ ಮಾತನ್ನು ಅಲುಗಿಸದು.

ಬಸದಿಯ ಟ್ರಸ್ಟುಗಳಿಗೂ ಈ ವಿಚಾರ ಹೊರತಲ್ಲ. ಧರ್ಮದ ಹೆಸರಿನಲ್ಲಿ ಕೂಡಿಟ್ಟ ನಿಧಿಯ ಮೇಲೆಯೂ ಮಮತ್ವ ಬೆಳೆಯುತ್ತದೆ. ಪೂಜೆ, ಜೀರ್ಣೋದ್ಧಾರಗಳಿಗೆ ಬೇಕಾದುದನ್ನು ವರ್ಷಾರಂಭದಲ್ಲೇ ಬರೆದಿಟ್ಟು, ಮಿಕ್ಕುದನ್ನು ಚತುರ್ವಿಧ ದಾನಕ್ಕೆ ತೆಗೆಯಬೇಕು. 2019ರ ಪ್ರವಾಹದಂತಹ ವರ್ಷಗಳಲ್ಲಿ ಆಹಾರ, ಔಷಧ, ಅಭಯಗಳಿಗಾಗಿ ಕಾಯುವವರು ದೂರದವರಲ್ಲ. ನಿಧಿ ಎಷ್ಟಾಯಿತೆಂಬ ಲೆಕ್ಕ ಎಲ್ಲ ಟ್ರಸ್ಟುಗಳಲ್ಲಿಯೂ ಇದೆ. ಎಷ್ಟಕ್ಕೆ ಸಾಕು ಎಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.